ಆಟಿಯ ಮಳೆಗೂ ಬಾಗದ ಕಪಾಟು: ಕರಾವಳಿಯ ಮನೆಗೆ ಪೀಠೋಪಕರಣ ಮಾಡಿಸುವ ಬಗೆ

ನಮ್ಮ ಮನೆಯ ಪಶ್ಚಿಮದ ಕೋಣೆಯಲ್ಲಿ ನೆಲದಿಂದ ಸೀಲಿಂಗ್ ತನಕ ಒಂದು ಕಪಾಟು ಇತ್ತು. ಮನೆ ಒಕ್ಕಲಿಗೆ ಮುಂಚೆ, ಮೇ ತಿಂಗಳ ಬಿಸಿಲಲ್ಲಿ ಮಾಡಿಸಿದ್ದು. ಬಿಳಿ ಬಣ್ಣ, ಹಿಡಿಕೆ ಕಾಣದ ಬಾಗಿಲು, ಗೋಡೆಗೆ ಅಂಟಿಕೊಂಡು ನಿಂತ ಹಾಗೆ. ನೋಡಲಿಕ್ಕೆ ತುಂಬಾ ಚೆಂದ ಇತ್ತು. ಆ ವರ್ಷ ನಾಗರ ಪಂಚಮಿಗೆ ಸೀರೆ ಉಡಬೇಕೆಂದು ಅಮ್ಮ ಬಾಗಿಲು ತೆರೆದರು. ಸೀರೆಯ ಮಡಿಕೆಗಳಲ್ಲಿ ಹಸಿರು ಬೂಷ್ಟು. ಹಿಂಬದಿಯ ಪ್ಲೈ ಉಬ್ಬಿ ಅಲೆ ಅಲೆಯಾಗಿತ್ತು. ಆ ಸೀರೆ ಅಮ್ಮನ ಮದುವೆಯದ್ದು. ಎಷ್ಟು ಬಿಸಿಲಿಗೆ ಹಾಕಿದರೂ ಕಲೆ ಹೋಗಲಿಲ್ಲ.

ಕಪಾಟು ಮಾಡಿದವರ ಕೈಕೆಲಸದಲ್ಲಿ ದೋಷ ಇರಲಿಲ್ಲ. ಅಂಚು, ಮೂಲೆ ಎಲ್ಲ ಅಚ್ಚುಕಟ್ಟು. ಆದರೆ ಆ ವಿನ್ಯಾಸ ಯಾವುದೋ ಒಣ ಊರಿನದು. ಮಂಗಳೂರಲ್ಲಿ ವರ್ಷಕ್ಕೆ 3,500 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಬೆಂಗಳೂರಲ್ಲಿ ಇಡೀ ವರ್ಷಕ್ಕೆ ಬೀಳುವುದು ಸಾವಿರ ಮಿಲಿಮೀಟರ್ ಆಸುಪಾಸು. ಹಾಗಿರುವಾಗ ಅಲ್ಲಿಯ ಫ್ಲಾಟಿನ ಫೋಟೋ ತೋರಿಸಿ ಇಲ್ಲಿಯ ಗೋಡೆಗೆ ಅದನ್ನೇ ಮಾಡಿಸಿದರೆ ಹೇಗೆ ಬಾಳುತ್ತದೆ? ನಮ್ಮೂರಿನ ಕುರ್ಚಿ, ಕಪಾಟು, ಅಡುಗೆಮನೆ ಎಲ್ಲವನ್ನೂ ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ ಬರುವ ತುಳು ತಿಂಗಳು ಆಟಿಯನ್ನು ಮನಸ್ಸಲ್ಲಿ ಇಟ್ಟುಕೊಂಡೇ ಯೋಚಿಸಬೇಕು. ಆ ಕಪಾಟು ಕಿತ್ತು ಹೊಸದು ಮಾಡಿಸುವಾಗ ಕಲಿತದ್ದನ್ನು, ಆಮೇಲೆ ನೆಂಟರ ಮನೆಗಳಲ್ಲಿ ಮಾಡಿಸಿ ನೋಡಿದ್ದನ್ನು ಮಾಡಬೇಕಾದ ಕ್ರಮದಲ್ಲೇ ಬರೆದಿದ್ದೇನೆ.

ಮೊದಲು ಕ್ಯಾಲೆಂಡರ್ ನೋಡಿ

ಮರದ ಕೆಲಸ ದೀಪಾವಳಿ ಕಳೆದ ಮೇಲೆ ಶುರುವಾಗಿ ಪತ್ತನಾಜೆಗೆ ಮುಂಚೆ ಮುಗಿಯಬೇಕು. ಪತ್ತನಾಜೆ ಎಂದರೆ ಮಳೆಗಾಲಕ್ಕೆ ಮುಂಚೆ ತುಳುನಾಡಿನ ಜಾತ್ರೆ, ಕೋಲಗಳು ಮುಗಿಯುವ ದಿನ, ಬರುವುದು ಮೇ 24ರ ಸುಮಾರಿಗೆ. ಹಿರಿಯರು ಅದಕ್ಕೆ ಮುಂಚೆ ಸೌದೆ, ಹಪ್ಪಳ, ಸಂಡಿಗೆ ಎಲ್ಲ ಒಳಗೆ ಸೇರಿಸುತ್ತಿದ್ದರು. ಪಾಲಿಶ್ ಕೆಲಸಕ್ಕೂ ಅದೇ ಗಡುವು ಇಟ್ಟುಕೊಳ್ಳಿ. ಗಾಳಿಯಲ್ಲಿ ತೇವ ಜಾಸ್ತಿ ಇರುವಾಗ ಲ್ಯಾಕರ್ ಅಥವಾ ಫ್ರೆಂಚ್ ಪಾಲಿಶ್ ಹೊಡೆದರೆ ಮೇಲ್ಮೈ ಮಂಜು ಕವಿದ ಹಾಗೆ ಬೆಳ್ಳಗಾಗುತ್ತದೆ. ಆರುವ ಹೊತ್ತಿಗೆ ತೇವ ಪದರದೊಳಗೆ ಸಿಕ್ಕಿಕೊಳ್ಳುವುದೇ ಕಾರಣ.

ಆದರೆ ಯೋಚನೆಯ ಕೆಲಸವನ್ನು ಮಳೆಗಾಲದಲ್ಲೇ ಮಾಡಿ. ಮನೆ ಎಲ್ಲಿ ಒದ್ದೆಯಾಗುತ್ತದೆ, ಯಾವ ಕಿಟಕಿಯಿಂದ ಇರಚಲು ಬರುತ್ತದೆ, ಒದ್ದೆ ಬಟ್ಟೆ ಎಲ್ಲಿ ನೇತಾಡುತ್ತದೆ ಎಂದು ಆಗ ಮಾತ್ರ ಕಾಣುತ್ತದೆ. ಜುಲೈಯಲ್ಲಿ ಒಂದು ದಿನ ನೋಟ್‌ಬುಕ್ ಹಿಡಿದು ಕೋಣೆ ಕೋಣೆ ಸುತ್ತಿ.

ಗೋಡೆಯ ಪರೀಕ್ಷೆ

ಕಪಾಟು ಬರಬೇಕಾದ ಗೋಡೆಯನ್ನು ಅಂಗೈಯಿಂದ ಮುಟ್ಟಿ ನೋಡಿದರೆ ಸಾಲದು. ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕೂ ಬದಿಗೆ ಟೇಪ್ ಹಚ್ಚಿ. ಗಾಳಿ ಹೋಗಬಾರದು. ಎರಡು ದಿನ ಬಿಡಿ. ಹಾಳೆಯ ಒಳಬದಿಯಲ್ಲಿ, ಅಂದರೆ ಗೋಡೆಯ ಕಡೆ, ಹನಿ ಕಂಡರೆ ನೀರು ಗೋಡೆಯೊಳಗಿಂದ ಬರುತ್ತಿದೆ. ಹೊರಬದಿಯಲ್ಲಿ ಹನಿ ಕಂಡರೆ ಕೋಣೆಯ ಗಾಳಿಯಲ್ಲೇ ತೇವ ಜಾಸ್ತಿ. ಎರಡಕ್ಕೂ ಮದ್ದು ಬೇರೆ. ಮೊದಲನೆಯದಕ್ಕೆ ಹೊರಗೋಡೆಯ ಬಿರುಕು, ಪೈಪಿನ ಸೋರಿಕೆ, ಟೆರೇಸಿನ ಅಂಚು ನೋಡಿಸಬೇಕು. ಅದು ಸರಿಯಾಗುವ ತನಕ ಆ ಗೋಡೆಗೆ ಯಾವ ಮರವನ್ನೂ ತಾಗಿಸಬೇಡಿ. ಎರಡನೆಯದಕ್ಕೆ ಗಾಳಿಯ ದಾರಿ ಮಾಡಿಕೊಡಬೇಕು.

ನಮ್ಮ ಮುಂಗಾರು ಗಾಳಿ ನೈಋತ್ಯದಿಂದ ಬೀಸುತ್ತದೆ. ಹಾಗಾಗಿ ದಕ್ಷಿಣ ಮತ್ತು ಪಶ್ಚಿಮದ ಹೊರಗೋಡೆಗಳಿಗೆ ಮಳೆಯ ಏಟು ಜಾಸ್ತಿ. ಬಟ್ಟೆಯ ಕಪಾಟಿಗೆ ಮನೆಯ ಒಳಗೋಡೆಯೇ ಒಳ್ಳೆಯದು. ಬಚ್ಚಲುಮನೆಯ ಜೊತೆ ಹಂಚಿಕೊಂಡ ಗೋಡೆ ಮಾತ್ರ ಬೇಡ. ಫ್ಲಾಟುಗಳಲ್ಲಿ ಕಪಾಟಿಗೆ ಬಿಟ್ಟ ಜಾಗ ಹೆಚ್ಚಾಗಿ ಅದೇ ಗೋಡೆಯಾಗಿರುತ್ತದೆ. ಸಾಧ್ಯವಾದರೆ ಆ ಜಾಗವನ್ನು ತೆರೆದ ಶೆಲ್ಫಿಗೆ ಬಿಟ್ಟು ಕಪಾಟನ್ನು ಬೇರೆ ಕಡೆ ಇಡಿ.

ಹಳೆಯ ಮನೆಗಳಲ್ಲಿ ಈ ಕಷ್ಟ ಇಷ್ಟು ಇರಲಿಲ್ಲ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಊರಿಗೆಲ್ಲ ಹಂಚಿನ ಮಾಡು ಬಂತು. ಹಂಚಿನ ಸಂದಿಗಳಲ್ಲಿ ಮನೆ ಉಸಿರಾಡುತ್ತದೆ. ಕಾಂಕ್ರೀಟ್ ಸ್ಲ್ಯಾಬ್ ಹಾಕಿ, ಅಲ್ಯೂಮಿನಿಯಂ ಕಿಟಕಿ ಮುಚ್ಚಿದರೆ ಆ ಉಸಿರು ನಿಲ್ಲುತ್ತದೆ. ಆಗ ಆ ಕೆಲಸವನ್ನು ಪೀಠೋಪಕರಣದ ಒಳಗೇ ಮಾಡಿಕೊಡಬೇಕಾಗುತ್ತದೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ಉಂಟಲ್ವಾ? ಏನಾದರೂ ಮಾಡಿಸುವ ಮುನ್ನ ಒಂದು ಸಲ ಹೋಗಿ. ಕೆತ್ತನೆ ನೋಡಿ ಖುಷಿಪಡಿ. ಜೊತೆಗೆ ಮರದ ದಪ್ಪ, ಗಾಳಿ ಬೆಳಕಿನ ದಾರಿ, ಕೂರುವ ಎತ್ತರ ಕೂಡ ನೋಡಿಕೊಂಡು ಬನ್ನಿ.

ಚೆಂಬಿಗೆ ಕೇಳಿದ ಪ್ರಶ್ನೆಗಳು

ಅಮೆರಿಕದ ವಿನ್ಯಾಸಗಾರ ದಂಪತಿ ಚಾರ್ಲ್ಸ್ ಈಮ್ಸ್ ಮತ್ತು ರೇ ಈಮ್ಸ್ 1958ರಲ್ಲಿ ಭಾರತ ಸರ್ಕಾರಕ್ಕೆ ಒಂದು ವರದಿ ಕೊಟ್ಟರು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1961ರಲ್ಲಿ ಹುಟ್ಟಿದ್ದು ಆ ವರದಿಯ ಬಲದಿಂದ. ಭಾರತದಲ್ಲಿ ಕಂಡ ವಸ್ತುಗಳಲ್ಲಿ ಅವರು ಅತಿ ಹೆಚ್ಚು ಮೆಚ್ಚಿದ್ದು ನಾವು ದಿನಾ ಹಿಡಿಯುವ ಚೆಂಬನ್ನು. ಇಂಥದ್ದೊಂದು ಮಾಡಬೇಕಾದರೆ ಏನೆಲ್ಲ ಕೇಳಿಕೊಳ್ಳಬೇಕು ಎಂದು ಅವರು ಉದ್ದಕ್ಕೆ ಬರೆದಿದ್ದಾರೆ. ಎಷ್ಟು ನೀರು ಹಿಡಿಯಬೇಕು, ಹಿಡಿಯುವ ಕೈ ಎಷ್ಟು ದೊಡ್ಡದು, ಸೊಂಟದ ಮೇಲೋ ತಲೆಯ ಮೇಲೋ, ತುಂಬಿದಾಗ ಭಾರ ಎಲ್ಲಿ ನಿಲ್ಲುತ್ತದೆ, ತೊಳೆಯಲು ಕೈ ಒಳಗೆ ಹೋಗುತ್ತದಾ, ಬೆಲೆ ಎಷ್ಟು.

ನೀವು ಮಾಡಿಸುವ ಪ್ರತಿ ವಸ್ತುವಿಗೂ ಇಂಥ ಹತ್ತು ಪ್ರಶ್ನೆ ಬರೆಯಿರಿ. ಕಪಾಟಿಗಾದರೆ: ಎಷ್ಟು ಸೀರೆ, ಎಷ್ಟು ಶರ್ಟು, ಮಡಚುವುದೋ ನೇತುಹಾಕುವುದೋ? ಕಂಬಳಿ, ಚಾಪೆ ಎಲ್ಲಿ? ಮೇಲಿನ ತಟ್ಟು ಅಜ್ಜಿಗೆ ಸಿಗಬೇಕಾ? ಹಿಂದೆ ಬಿದ್ದ ಕಸ ಗುಡಿಸಲು ಪೊರಕೆ ಹೋಗುತ್ತದಾ? ಸ್ಟೈಲ್ ಯಾವುದು ಎನ್ನುವ ಪ್ರಶ್ನೆ ಕೊನೆಗೆ ಬರಲಿ. ಮೊದಲಿನ ಒಂಬತ್ತಕ್ಕೆ ಉತ್ತರ ಸಿಕ್ಕಿದರೆ ಅದು ಅರ್ಧ ತಾನಾಗಿಯೇ ಬಂದಿರುತ್ತದೆ.

ಅಳತೆ ತೆಗೆಯುವುದು ಜನರಿಂದ

ಕೋಣೆಯ ಅಳತೆ ಎಲ್ಲರೂ ತೆಗೆಯುತ್ತಾರೆ. ಮನೆಮಂದಿಯ ಅಳತೆ ಯಾರೂ ತೆಗೆಯುವುದಿಲ್ಲ. ಒಂದು ಟೇಪು ಹಿಡಿದುಕೊಂಡು ಮನೆಯಲ್ಲಿ ಎಲ್ಲರನ್ನೂ ಕರೆಯಿರಿ.

ಕುರ್ಚಿಗೆ: ಚಪ್ಪಲಿ ಹಾಕದೆ ಬೆಂಚಲ್ಲಿ ಕೂರಿಸಿ, ನೆಲದಿಂದ ಮಂಡಿಯ ಹಿಂದಿನ ಮಡಿಕೆ ತನಕ ಅಳೆಯಿರಿ. ಕೂರುವ ಹಲಗೆಯ ಎತ್ತರ ಅಷ್ಟೇ ಇರಲಿ. ಸಾಮಾನ್ಯವಾಗಿ 16ರಿಂದ 18 ಇಂಚು ಬರುತ್ತದೆ. ಅದಕ್ಕಿಂತ ಎತ್ತರವಾದರೆ ಕಾಲು ನೇತಾಡಿ ತೊಡೆ ನೋಯುತ್ತದೆ. ಮಂಡಿನೋವಿನ ಹಿರಿಯರಿಗೆ ಮಾತ್ರ ಒಂದೆರಡು ಇಂಚು ಎತ್ತರ ಮಾಡಿ, ಗಟ್ಟಿ ಕೈಗಳನ್ನು ಇಡಿ. ಏಳುವಾಗ ಅವರು ಕೈ ಊರಿ ಏಳುತ್ತಾರೆ. ಕುರ್ಚಿಯ ಕೈ ಸೀಟಿನ ಮುಂದಿನ ಅಂಚಿನ ತನಕ ಬರಬೇಕು. ಈಗ ಎಲ್ಲ ಕಡೆ ಸಿಗುವ ತಗ್ಗಿನ, ಆಳದ ಸೋಫಾ ನನಗೆ ಇಷ್ಟವಾಗದಿರಲು ಇದೇ ಕಾರಣ. ಅದರಲ್ಲಿ ಕೂತ ಅಜ್ಜ ಯಾರಾದರೂ ಎಬ್ಬಿಸುವ ತನಕ ಕಾಯಬೇಕು. ಸ್ವಂತ ಮನೆಯಲ್ಲಿ ಒಬ್ಬರಿಗೆ ಹಾಗಾಗಬಾರದು.

ಊಟದ ಮೇಜಿಗೆ: ಕುರ್ಚಿಯ ಸೀಟಿಗೂ ಮೇಜಿನ ಮೇಲ್ಮೈಗೂ 11ರಿಂದ 12 ಇಂಚು ಅಂತರ ಸಾಕು. ಮಾರುಕಟ್ಟೆಯ ಮೇಜು 30 ಇಂಚು ಎತ್ತರ ಇರುತ್ತದೆ. ನಾವು ಕೈಯಲ್ಲಿ ಅನ್ನ ಕಲಸಿ ತಿನ್ನುವವರು. 28 ಅಥವಾ 29 ಇಂಚಾದರೆ ಭುಜ ಎತ್ತಬೇಕಾಗಿಲ್ಲ. ಒಬ್ಬರಿಗೆ 24 ಇಂಚು ಅಗಲದ ಜಾಗ ಕೊಡಿ. ಬಾಳೆಲೆ ಹಾಕುವ ಮನೆಯಾದರೆ 28 ಇಟ್ಟುಕೊಳ್ಳಿ, ತುದಿ ಎಲೆ ಅಷ್ಟಾದರೂ ಉದ್ದ ಇರುತ್ತದಲ್ವಾ.

ಅಡುಗೆಕಟ್ಟೆಗೆ: ಹೆಚ್ಚು ಅಡುಗೆ ಮಾಡುವವರು ನಿಂತು ಮೊಣಕೈ ಮಡಚಲಿ. ನೆಲದಿಂದ ಮೊಣಕೈಗೆ ಎಷ್ಟು ಎತ್ತರವೋ ಅದರಲ್ಲಿ 4ರಿಂದ 5 ಇಂಚು ಕಳೆಯಿರಿ. ಐದು ಅಡಿ ಎತ್ತರದವರಿಗೆ 33 ಇಂಚಿನ ಹತ್ತಿರ ಬರುತ್ತದೆ. ಸಿದ್ಧ ಮಾಡ್ಯುಲರ್ ಕಿಚನ್‌ಗಳು 34ರಿಂದ 36 ಇಂಚು ಇರುತ್ತವೆ. ಅದರ ಮೇಲೆ ಗ್ಯಾಸ್ ಒಲೆಯ ಎತ್ತರ ಸೇರಿದರೆ ದೋಸೆ ಕಾವಲಿ ಎದೆಯ ಹತ್ತಿರ ಬಂದು ನಿಲ್ಲುತ್ತದೆ. ಒಲೆ ಇಡುವ ಭಾಗವನ್ನು 4 ಇಂಚು ತಗ್ಗಿಸಿ ಕಟ್ಟಿಸಿದರೆ ಭುಜನೋವು ಎಷ್ಟೋ ಕಡಿಮೆ. ಗ್ರೈಂಡರಿಗೆ ಇನ್ನೂ ತಗ್ಗಿನ, 24 ಇಂಚಿನ ಕಟ್ಟೆ ಬೇಕು. ಹಿಟ್ಟು ತೋಡುವಾಗ ಕೈ ಮೇಲಿನಿಂದ ಇಳಿಯಬೇಕು.

ಇನ್ನೊಂದು ವಿಷಯ ನಮ್ಮ ಅಡುಗೆಮನೆಯದೇ. ಕುಚ್ಚಲಕ್ಕಿ ಬೇಯಲು ತುಂಬಾ ಹೊತ್ತು ಬೇಕು. ಗಂಜಿಯ ಹಬೆ ದಿನಾ ಬೆಳಗ್ಗೆ ಒಂದೇ ಜಾಗಕ್ಕೆ ಏರುತ್ತದೆ. ಒಲೆಯ ನೇರ ಮೇಲೆ ಮರದ ಕಪಾಟು ಇದ್ದರೆ ಅದರ ಕೆಳಗಿನ ಅಂಚು ಮೊದಲು ಉಬ್ಬುತ್ತದೆ. ಅಲ್ಲಿ ಚಿಮಣಿ ಅಥವಾ ಎಕ್ಸಾಸ್ಟ್ ಫ್ಯಾನ್ ಮಾತ್ರ ಇರಲಿ. ತೆಂಗಿನಕಾಯಿ ತುರಿಮಣೆಗೂ ಮೊದಲೇ ಜಾಗ ಯೋಚಿಸಿ. ಕಟ್ಟೆಯ ಕೆಳಗೆ 8 ಇಂಚು ಎತ್ತರದ ತೆರೆದ ಖಾನೆ ಬಿಟ್ಟರೆ ಮಲಗಿಸಿ ತಳ್ಳಬಹುದು. ಇಲ್ಲದಿದ್ದರೆ ಅದು ಬಾಗಿಲ ಹಿಂದೆ ನಿಂತು ಯಾರದ್ದಾದರೂ ಕಾಲು ಕೊಯ್ಯುತ್ತದೆ.

ಬಟ್ಟೆಯ ಕಪಾಟು ಒಳಗೆ 22 ಇಂಚು ಆಳ ಇರಲೇಬೇಕು. ಹ್ಯಾಂಗರ್‌ಗೆ 17-18 ಇಂಚು ಹೋಗುತ್ತದೆ, ಉಳಿದದ್ದು ಗಾಳಿಗೆ. ಅಳತೆಗಳೆಲ್ಲ ಆದ ಮೇಲೆ ಹಳೆಯ ರಟ್ಟಿನ ಪೆಟ್ಟಿಗೆಗಳನ್ನು ಜೋಡಿಸಿ, ಅದೇ ಗಾತ್ರದ ನಕಲನ್ನು ಅದೇ ಜಾಗದಲ್ಲಿ ಎರಡು ದಿನ ಇಟ್ಟು ಓಡಾಡಿ. ನಡೆಯುವ ದಾರಿಗೆ 30 ಇಂಚಾದರೂ ಉಳಿಯಬೇಕು. ಸುಮ್ನೆ ಕಾಗದದಲ್ಲಿ ನೋಡಿದರೆ ಇದು ತಿಳಿಯುವುದಿಲ್ಲ.

ಮರವೋ ಪ್ಲೈಯೋ

ಕಾಲಿರುವ ವಸ್ತು ಮರದಲ್ಲಿ, ಪೆಟ್ಟಿಗೆಯ ಹಾಗಿರುವ ವಸ್ತು ಪ್ಲೈಯಲ್ಲಿ. ಕುರ್ಚಿ, ಬೆಂಚು, ಮಂಚ, ಮೇಜುಗಳಿಗೆ ಗಟ್ಟಿ ಮರ. ಕಪಾಟು, ಅಡುಗೆಮನೆಯ ಖಾನೆಗಳಿಗೆ ಪ್ಲೈವುಡ್. ನಾನು ಹೇಳುವುದು ಇಷ್ಟೆ.

ಮರದಲ್ಲಿ ಸಾಗುವಾನಿ ಎಲ್ಲರಿಗೂ ಗೊತ್ತು. ಆದರೆ ನಮ್ಮಲ್ಲಿ ಹಲಸು, ಹೆಬ್ಬಲಸು ಅದಕ್ಕಿಂತ ಹತ್ತಿರದ ಮರಗಳು. ಹಲಸು ಹೊಸದರಲ್ಲಿ ಹಳದಿ, ವರ್ಷ ಕಳೆದ ಹಾಗೆ ಕಂದಾಗಿ ಚೆಂದ ಕಾಣುತ್ತದೆ. ಯಕ್ಷಗಾನದ ಮದ್ದಳೆಯನ್ನೂ ಕೂರುವ ಮಣೆಯನ್ನೂ ಮಾಡುವುದು ಇದರಿಂದಲೇ. ಹೆಬ್ಬಲಸನ್ನು ದೋಣಿಗೆ ಬಳಸುತ್ತಿದ್ದರು ಎಂದರೆ ನೀರಿನ ಜೊತೆ ಅದು ಹೇಗೆ ಬಾಳುತ್ತದೆ ಎಂದು ತಿಳಿಯುತ್ತದೆ. ಅಕೇಶಿಯಾ ಗಟ್ಟಿ, ಬೆಲೆಯೂ ಕಡಿಮೆ, ಆದರೆ ಚೆನ್ನಾಗಿ ಒಣಗಿಸದಿದ್ದರೆ ಸೀಳುತ್ತದೆ. ಸುಳ್ಯ, ಬೆಳ್ತಂಗಡಿ ಕಡೆಯ ರಬ್ಬರ್ ಮರ ತೆಳು ಬಣ್ಣದ್ದು, ಇವತ್ತಿನ ವಿನ್ಯಾಸಕ್ಕೆ ಒಪ್ಪುತ್ತದೆ. ಅದಕ್ಕೆ ಕಡಿದ ಕೆಲವೇ ದಿನಗಳಲ್ಲಿ ಬೋರಾನ್ ಮದ್ದು ಒತ್ತಡದಲ್ಲಿ ಹಾಕಿರಬೇಕು. ಇಲ್ಲದಿದ್ದರೆ ಹುಳ ಕೊರೆದು ಹುಡಿ ಉದುರುವುದು ಖಂಡಿತ. ಮದ್ದು ಹಾಕಿದ್ದು ಖಾತ್ರಿಯಿಲ್ಲದ ರಬ್ಬರ್ ಮರ ಎಷ್ಟು ಅಗ್ಗವಾದರೂ ಬೇಡ.

ಯಾವ ಮರವೇ ಆಗಲಿ, ಕೆಚ್ಚು, ಅಂದರೆ ನಡುವಿನ ಗಟ್ಟಿ ಭಾಗ, ನೋಡಿ ಆರಿಸಿ. ಅಂಚಿನ ಬಿಳಿ ಭಾಗದಲ್ಲಿ ಪಿಷ್ಟ ಇರುತ್ತದೆ, ಹುಳಕ್ಕೆ ಅದೇ ಊಟ. ಸಾಗುವಾನಿಯ ಬಿಳಿ ಭಾಗಕ್ಕೂ ಹುಳ ಹಿಡಿಯುತ್ತದೆ, ಹೆಸರು ಸಾಗುವಾನಿ ಎಂದು ಬಿಡುವುದಿಲ್ಲ. ಅನುಭವ ಇರುವ ಆಚಾರಿಯನ್ನು ಸಾಮಿಲ್ಲಿಗೆ ಜೊತೆಗೆ ಕರೆದುಕೊಂಡು ಹೋಗಿ. ಅವರ ಆ ಅರ್ಧ ದಿನದ ಸಂಬಳ ವ್ಯರ್ಥವಾಗುವುದಿಲ್ಲ.

ಲೆಕ್ಕ ನಿಮಗೂ ಗೊತ್ತಿರಲಿ. ಸೈಜು ಮಾಡಿದ ಮರಕ್ಕೆ ಉದ್ದ ಅಡಿಯಲ್ಲಿ, ಅಗಲ ಮತ್ತು ದಪ್ಪ ಇಂಚಲ್ಲಿ ಗುಣಿಸಿ 144ರಿಂದ ಭಾಗಿಸಿ. ಬಂದದ್ದು ಘನ ಅಡಿ. ದುಂಡು ಮರಕ್ಕೆ ಸುತ್ತಳತೆ ಇಂಚನ್ನು ಅದರಿಂದಲೇ ಗುಣಿಸಿ, ಅಡಿ ಉದ್ದದಿಂದ ಗುಣಿಸಿ, 2,304ರಿಂದ ಭಾಗಿಸಬೇಕು. ನಿಮ್ಮದೇ ತೋಟದ ಮರವಾದರೂ ಕಡಿಯುವ, ಸಾಗಿಸುವ ಮುನ್ನ ವಲಯ ಅರಣ್ಯ ಕಚೇರಿಯಲ್ಲಿ ಕೇಳಿಕೊಳ್ಳಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಖಾಸಗಿ ಜಾಗದ ಮರಗಳಿಗೂ ಅನ್ವಯಿಸುತ್ತದೆ.

ಸೈಜು ಮಾಡಿದ ಹಲಗೆಯನ್ನು ಮಧ್ಯೆ ಮಧ್ಯೆ ರೀಪು (ತೆಳು ಮರದ ಪಟ್ಟಿ) ಇಟ್ಟು, ನೆರಳಲ್ಲಿ ಗಾಳಿಗೆ ಒಣಗಿಸಬೇಕು. ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಎನ್ನುವುದು ಹಳೆಯ ಲೆಕ್ಕ. ಅಷ್ಟು ಕಾಯಲಾಗದಿದ್ದರೆ ಬಿಸಿಗಾಳಿಯ ಗೂಡಿನಲ್ಲಿ (ಕಿಲ್ನ್) ಒಣಗಿಸಿದ ಮರ ತನ್ನಿ. ಅಂಗೈ ಗಾತ್ರದ ತೇವಮಾಪಕ ಆನ್‌ಲೈನಲ್ಲಿ ಸಿಗುತ್ತದೆ. ಕೆಲಸ ಶುರುವಾಗುವಾಗ ಶೇಕಡ 12ರ ಹತ್ತಿರ ತೋರಿಸಿದರೆ ಒಳ್ಳೆಯದು. ಮಳೆಗಾಲದಲ್ಲಿ ಅದೇ ಮರ ಗಾಳಿಯಿಂದ ತೇವ ಹೀರಿ ಅಗಲಕ್ಕೆ ಹಿಗ್ಗುತ್ತದೆ. ಉದ್ದಕ್ಕೆ ಹಿಗ್ಗುವುದು ಲೆಕ್ಕಕ್ಕೇ ಬಾರದಷ್ಟು. ಹಾಗಾಗಿ ಅಗಲವಾದ ಹಲಗೆಯನ್ನು ಚೌಕಟ್ಟಿಗೆ ಅಂಟಿಸಬಾರದು, ಮೊಳೆ ಹೊಡೆಯಬಾರದು. ಚೌಕಟ್ಟಿನ ಗಾಡಿಯಲ್ಲಿ, ಅಂದರೆ ಉದ್ದಕ್ಕೆ ಕೊರೆದ ತೋಡಿನಲ್ಲಿ, ಕೂರಿಸಿ ಸುಮ್ನೆ ಬಿಡಬೇಕು. ಹಿಗ್ಗಲು ಜಾಗ ಇದ್ದರೆ ಅದು ಸೀಳುವುದಿಲ್ಲ.

ಪ್ಲೈವುಡ್ಡಿನಲ್ಲಿ ಎಂ.ಆರ್. ಎಂದರೆ ತೇವ ತಡೆಯುವುದು ಎಂದು ಅರ್ಥ. ನೀರು ತಡೆಯುವುದು ಎಂದಲ್ಲ. ಅದರ ಅಂಟು ಯೂರಿಯಾ ಜಾತಿಯದ್ದು. ಕರಾವಳಿಗೆ ಅದು ಸಾಲದು. ಫೀನಾಲಿಕ್ ಅಂಟಿನ ಬಿ.ಡಬ್ಲ್ಯೂ.ಆರ್. (ಕುದಿಯುವ ನೀರು ತಡೆಯುವ) ದರ್ಜೆಯದ್ದು ಕೋಣೆಯ ಕಪಾಟಿಗೆ ಸಾಕು. ಸಿಂಕ್ ಕೆಳಗೆ, ಬಚ್ಚಲಿನ ಪಕ್ಕ ಐಎಸ್ 710 ಗುರುತಿನ ಮರೀನ್ ಪ್ಲೈ ಹಾಕಿ. ಹಾಳೆಯ ಮೇಲಿನ ಐಎಸ್‌ಐ ಗುರುತಿನ ಜೊತೆ ಲೈಸೆನ್ಸ್ ಸಂಖ್ಯೆ ಇರುತ್ತದೆ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಹಾಕಿ ನೋಡಿದರೆ ಅಸಲಿಯೋ ನಕಲಿಯೋ ತಿಳಿಯುತ್ತದೆ. ಇನ್ನೂ ಸಂಶಯ ಇದ್ದರೆ ಅಂಗಡಿಯಲ್ಲಿ ಆರು ಇಂಚಿನ ತುಂಡು ಕೇಳಿ ತನ್ನಿ. ಹಳೆಯ ಪಾತ್ರೆಯಲ್ಲಿ, ಮನೆಯ ಹೊರಗೆ, ಮೂರ್ನಾಲ್ಕು ಗಂಟೆ ಕುದಿಸಿ. ಪದರ ಬಿಟ್ಟರೆ ಅದು ನಿಮ್ಮ ಮನೆಗೆ ಬೇಡ. ಮರದ ನಾರು, ಚೂರು ಒತ್ತಿ ಮಾಡಿದ ಎಂ.ಡಿ.ಎಫ್. ಮತ್ತು ಪಾರ್ಟಿಕಲ್ ಬೋರ್ಡನ್ನು ನಾನಂತೂ ನೆಲಕ್ಕೆ ತಾಗುವ ಯಾವುದಕ್ಕೂ ಬಳಸುವುದಿಲ್ಲ. ನೆಲ ಒರೆಸುವ ನೀರು ಸಾಕು, ಅಂಚು ಹೂವಿನ ಹಾಗೆ ಅರಳುತ್ತದೆ.

ಒಂದು ತಪ್ಪು ಬಹಳ ಕಡೆ ಆಗುತ್ತದೆ. ಹಣ ಉಳಿಸಲು ಬಾಗಿಲಿನ ಹೊರಗೆ ಮಾತ್ರ ಲ್ಯಾಮಿನೇಟ್ ಹಾಕಿ ಒಳಗೆ ಬರೀ ಬಣ್ಣ ಬಳಿಯುತ್ತಾರೆ. ಆಗ ಒಂದು ಬದಿ ತೇವ ಹೀರುತ್ತದೆ, ಇನ್ನೊಂದು ಹೀರುವುದಿಲ್ಲ. ಬಾಗಿಲು ಬಿಲ್ಲಿನ ಹಾಗೆ ಬಾಗುತ್ತದೆ. ಎರಡೂ ಬದಿಗೆ ಹಾಕಿಸಿ, ನಾಲ್ಕೂ ಅಂಚು ಮುಚ್ಚಿಸಿ. ಕೆಳಗಿನ ಅಂಚು ಕಾಣುವುದಿಲ್ಲ ಎಂದು ಬಿಟ್ಟುಬಿಡುತ್ತಾರೆ, ಬಗ್ಗಿ ಕೈ ಆಡಿಸಿ ನೋಡಿ.

ಗಾಳಿಗೆ ದಾರಿ

ಕಪಾಟಿನ ಹಿಂಬದಿ ಗೋಡೆಯಿಂದ ಎರಡು ಇಂಚು ದೂರ ಇರಲಿ. ತಳ ನೆಲದಿಂದ ನಾಲ್ಕು ಇಂಚಾದರೂ ಮೇಲಿರಲಿ. ಕೆಳಗೆ ಹಲಗೆ ಹೊಡೆದು ಮುಚ್ಚಬೇಡಿ, ಕಾಲುಗಳ ಮೇಲೆ ನಿಲ್ಲಿಸಿ. ಮೇಲೆ ಸೀಲಿಂಗಿಗೆ ತಾಗಿಸದೆ ಒಂದು ಅಡಿ ಬಿಡಿ. ಹೀಗೆ ಮಾಡಿದರೆ ಕೆಳಗಿಂದ ಹೋದ ಗಾಳಿ ಹಿಂದಿನಿಂದ ಏರಿ ಮೇಲೆ ಹೊರಬರುತ್ತದೆ. ಜಾಗ ಹಾಳಾಗುತ್ತದೆ ಎಂದು ಆರ್ಕಿಟೆಕ್ಟ್ ಹೇಳಬಹುದು. ನೀವು ಗಟ್ಟಿಯಾಗಿ ನಿಲ್ಲಿ.

ಒಳಗಿನ ತಟ್ಟುಗಳು ಹಿಂಬದಿಗೆ ಅರ್ಧ ಇಂಚು ಕಡಿಮೆ ಇರಲಿ. ಆಗ ಗಾಳಿ ತಟ್ಟಿನಿಂದ ತಟ್ಟಿಗೆ ಹೋಗುತ್ತದೆ. 18 ಮಿ.ಮೀ. ಪ್ಲೈಯ ತಟ್ಟು ಎರಡೂವರೆ ಅಡಿಗಿಂತ ಉದ್ದ ಬೇಡ, ಪುಸ್ತಕ ಇಟ್ಟರೆ ಮಧ್ಯೆ ಜಗ್ಗುತ್ತದೆ. ಬಾಗಿಲಿನ ಮೇಲೆ ಕೆಳಗೆ ಸಾಲು ತೂತು ಅಥವಾ ಪಟ್ಟಿಗಳ ಜಾಲಿ ಇರಲಿ. ನನಗೆ ಎಲ್ಲಕ್ಕಿಂತ ಇಷ್ಟ ಬೆತ್ತ ಹೆಣೆದ ಬಾಗಿಲು. ಮರದ ಚೌಕಟ್ಟು, ನಡುವೆ ಬೆತ್ತದ ಹೆಣಿಗೆ. ಬಟ್ಟೆ ಕಾಣುವುದಿಲ್ಲ, ಗಾಳಿ ನಿಲ್ಲುವುದಿಲ್ಲ, ಬಾಗಿಲು ಹಗುರ. ಅಜ್ಜನ ಕೈ ಉದ್ದದ ಒರಗು ಕುರ್ಚಿಯಲ್ಲಿ ಇದ್ದದ್ದು ಅದೇ ಹೆಣಿಗೆ. ಬೆತ್ತಕ್ಕೆ ಮಳೆಗಾಲದಲ್ಲಿ ಕಪ್ಪು ಚುಕ್ಕೆ ಬಂದರೆ ಸಾಬೂನು ನೀರಲ್ಲಿ ಒರೆಸಿ ಒಂದು ಬಿಸಿಲು ಕಾಣಿಸಿದರೆ ಸಾಕು. ನಮ್ಮ ಹೊಸ ಕಪಾಟಿನ ನಾಲ್ಕು ಬಾಗಿಲೂ ಹಾಗೇ ಇವೆ. ಅಮ್ಮನ ಉಳಿದ ಸೀರೆಗಳು ಈಗ ಅದರಲ್ಲಿ ಒಣಗಿ ಇವೆ.

ತಿರುಪು, ಬಿಜಾಗ್ರಿ

ಸಮುದ್ರದ ಉಪ್ಪು ಗಾಳಿ ಮಲ್ಪೆ, ಕಾಪು, ಸುರತ್ಕಲ್, ಉಳ್ಳಾಲದ ದಡದ ಮನೆಗಳಲ್ಲಿ ಕಬ್ಬಿಣವನ್ನು ಬಿಡುವುದೇ ಇಲ್ಲ. ಸ್ಟೇನ್‌ಲೆಸ್ ಸ್ಟೀಲ್ ಎಂದು ಕೇಳಿದರೆ ಸಾಲದು, ನಂಬರ್ ಕೇಳಿ. 202ರಲ್ಲಿ ನಿಕಲ್ ಕಡಿಮೆ, ಬೇಗ ಕೆಂಪಾಗುತ್ತದೆ. 304 ಮನೆಯೊಳಗೆ ಸಾಕು. ದಡದ ಮನೆಯ ಹೊರಗಿನ ಬಳಕೆಗೆ ಮಾಲಿಬ್ಡಿನಂ ಸೇರಿದ 316 ಬೇಕು. ಆಯಸ್ಕಾಂತ ಹಿಡಿದು 202 ಮತ್ತು 304ನ್ನು ಗುರುತಿಸಲು ಆಗುವುದಿಲ್ಲ, ಎರಡಕ್ಕೂ ಅದು ಹಿಡಿಯುವುದಿಲ್ಲ. ಬಿಲ್ಲಿನಲ್ಲಿ ನಂಬರ್ ಬರೆಸಿಕೊಳ್ಳುವುದೇ ದಾರಿ.

ಒಂದು ಪೂರ್ತಿ ಉದಾಹರಣೆ: ಸಿಟೌಟಿನ ಕೊಡೆ ಬೆಂಚು

ದೊಡ್ಡ ಕಪಾಟಿಗೆ ಕೈ ಹಾಕುವ ಮುನ್ನ ಇದನ್ನು ಮಾಡಿಸಿ ನೋಡಿ. ಆಚಾರಿಯ ಕೈ ನಿಮಗೆ ತಿಳಿಯುತ್ತದೆ, ನಿಮ್ಮ ಬೇಕು-ಬೇಡ ಅವರಿಗೆ ತಿಳಿಯುತ್ತದೆ. ನಾಲ್ಕು ತಿಂಗಳು ನಮ್ಮ ಮನೆಗಳ ಸಿಟೌಟಿನಲ್ಲಿ, ಅಂದರೆ ಮುಂದಿನ ಜಗಲಿಯಲ್ಲಿ, ಒದ್ದೆ ಕೊಡೆ, ಒದ್ದೆ ಚಪ್ಪಲಿ, ರೈನ್‌ಕೋಟು ಬಿದ್ದಿರುತ್ತವೆ. ಶೂ ಹಾಕಲು ಮಕ್ಕಳು ಮೆಟ್ಟಿಲಲ್ಲೇ ಕೂರುತ್ತಾರೆ. ಇಷ್ಟಕ್ಕೂ ಒಂದೇ ವಸ್ತು ಸಾಕು.

ಉದ್ದ 4 ಅಡಿ, ಎತ್ತರ 17 ಇಂಚು, ಅಗಲ 14 ಇಂಚು. ಒಂದು ತುದಿಯ 9 ಇಂಚು ಕೊಡೆಗೆ, ಉಳಿದದ್ದು ಕೂರಲು. ಕೂರುವ ಭಾಗಕ್ಕೆ 2 ಇಂಚು ಅಗಲ, 1 ಇಂಚು ದಪ್ಪದ ಆರು ಪಟ್ಟಿ. ಮಧ್ಯೆ 10 ಮಿ.ಮೀ. ಸಂದಿ, ನೀರು ಇಳಿಯಲು. ಪಟ್ಟಿಯ ಮೇಲಿನ ಅಂಚುಗಳನ್ನು ಸ್ವಲ್ಪ ದುಂಡಗೆ ಮಾಡಿಸಿ, ಇಲ್ಲದಿದ್ದರೆ ಸಣ್ಣ ಮಕ್ಕಳ ತೊಡೆಗೆ ಒತ್ತುತ್ತದೆ. ನೆಲದಿಂದ 6 ಇಂಚು ಮೇಲೆ ಚಪ್ಪಲಿಗೆ ಇಂಥದ್ದೇ ಪಟ್ಟಿಗಳ ತಟ್ಟು. ಅದರ ಕೆಳಗೆ ಪೊರಕೆ ಆಡಬೇಕು. ಕೊಡೆಯ ಗೂಡಿಗೆ ತಳ ಬೇಡ. ಮೇಲೆ ಒಂದು ಅಡ್ಡಪಟ್ಟಿ, ಕೆಳಗೆ ತೆಗೆದು ಚೆಲ್ಲುವ ಸ್ಟೀಲ್ ತಟ್ಟೆ. ಮಡಚುವ ಕೊಡೆಗೆ ಬದಿಯಲ್ಲಿ ಎರಡು ಮರದ ಗೂಟ.

ಕಾಲು 2 ಇಂಚು ಚೌಕ. ಕಾಲಿನ ತುದಿಯ ಕೊಯ್ದ ಮುಖ ಬತ್ತಿಯ ಹಾಗೆ ನೀರು ಎಳೆಯುತ್ತದೆ. ಅಲ್ಲಿ ಮೂರು ಸಲ ಪಾಲಿಶ್ ಕುಡಿಸಿ, ನೈಲಾನ್ ಬುಡ ಹಾಕಿಸಿ. ಪಟ್ಟಿಗಳನ್ನು 304 (ದಡದ ಮನೆಯಾದರೆ 316) ತಿರುಪಿನಿಂದ ಕೆಳಗಿನಿಂದ ಬಿಗಿಯಿರಿ, ತೂತು ತಿರುಪಿಗಿಂತ ಸ್ವಲ್ಪ ದೊಡ್ಡದಿರಲಿ. ಹೆಬ್ಬಲಸು ಅಥವಾ ಸಾಗುವಾನಿಯಲ್ಲಿ ಮಾಡಿಸಿದರೆ ಸುಮಾರು 1 ಘನ ಅಡಿ ಮರ, ಕೆತ್ತಿ ಹೋಗುವುದು ಸೇರಿಸಿ ಒಂದೂಕಾಲು. ಎರಡು ದಿನದ ಕೆಲಸ.

ಬಣ್ಣ, ಪಾಲಿಶ್

ಹೊರಗಿನ ವಸ್ತುವಿಗೆ ಹೊರಾಂಗಣದ ಪಿ.ಯು. (ಪಾಲಿಯುರೆಥೇನ್) ಪಾಲಿಶ್, ಒಳಗಿನದಕ್ಕೆ ಒಳಾಂಗಣದ ಪಿ.ಯು. ಅಥವಾ ಮೆಲಮೈನ್. ಹಸಿ ಅಗಸೆ ಎಣ್ಣೆಯ ಪಾಲಿಶ್ ಕೈಗೆ ಹಿತ, ಆದರೆ ಮುಚ್ಚಿದ ಕಪಾಟಿನ ಒಳಗೆ ಅದಕ್ಕೆ ಬೂಷ್ಟು ಬೇಗ ಹಿಡಿಯುತ್ತದೆ. ಕಾಣದ ಬದಿಗೂ ಒಂದು ಕೋಟ್ ಬೇಕೇ ಬೇಕು. ಮಾಡಿನ ಪಕ್ಕಾಸಿಗೆ, ದೋಣಿಗೆ ಹಚ್ಚುವ, ಗೇರುಬೀಜದ ಸಿಪ್ಪೆಯಿಂದ ತೆಗೆದ ಗೇರು ಎಣ್ಣೆ ಗೆದ್ದಲಿಗೆ ಒಳ್ಳೆಯ ಮದ್ದು. ಅದು ಚರ್ಮ ಸುಡುತ್ತದೆ, ಕಪ್ಪು ಕಲೆ ಬಿಡುತ್ತದೆ. ಮಾಡಿನ ಮರಕ್ಕೆ ಸರಿ, ಕೂರುವ ವಸ್ತುವಿಗೆ ಬೇಡ.

ಆಚಾರಿಯ ಜೊತೆ ಮಾತು

ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆಯಿರಿ: ಅಳತೆ, ಮರದ ಹೆಸರು, ಪ್ಲೈ ದರ್ಜೆ, ತಿರುಪಿನ ನಂಬರ್, ಎಷ್ಟು ಕೋಟ್, ಯಾವ ತಾರೀಕು. ಸಾಮಾನು ನೀವೇ ತಂದರೆ ಸಂಬಳ ದಿನದ ಲೆಕ್ಕವೋ ಚದರಡಿ ಲೆಕ್ಕವೋ ಎಂದು ಮೊದಲೇ ಮಾತಾಡಿ. ಚದರಡಿ ಎಂದರೆ ಮುಂಭಾಗದ ಅಳತೆಯೋ ಒಳತಟ್ಟುಗಳು ಸೇರಿಯೋ ಎಂದೂ ಕೇಳಿ. ಜಗಳ ಬರುವುದು ಹೆಚ್ಚಾಗಿ ಇಲ್ಲೇ. ಚೌಕಟ್ಟು ನಿಂತಾಗ, ಪಾಲಿಶ್‌ಗೆ ಮುಂಚೆ ಒಮ್ಮೆ ನಿಂತು ನೋಡಿ. ಎರಡು ಕರ್ಣಗಳನ್ನು ಅಳೆಯಿರಿ, ಎರಡೂ ಒಂದೇ ಬಂದರೆ ಮೂಲೆಗಳು ನೇರ ಇವೆ. ಡ್ರಾಯರ್ ಪಕ್ಕಗಳಲ್ಲಿ 2 ಮಿ.ಮೀ. ಸಡಿಲ ಬಿಡಿಸಿ.

ಕೊನೆಯ ಕಂತು ಕೆಲಸ ಮುಗಿದ ಕೂಡಲೇ ಕೊಡಿ, ಎಳೆದಾಡಬೇಡಿ. ದುಡಿದವರಿಗೆ ಸಂಬಳ ಸರಿಯಾಗಿ ಸಿಕ್ಕಿದ ಮನೆಗೆ ರಿಪೇರಿಗೆ ಅವರು ಪುನಃ ಬರುತ್ತಾರೆ.

ಮೊದಲ ಮಳೆಗಾಲ

ಬಿಸಿಲು ಬಿದ್ದ ದಿನ ಬಾಗಿಲು, ಡ್ರಾಯರ್ ಎಲ್ಲ ಒಂದು ಗಂಟೆ ತೆರೆದಿಡಿ. ಅರ್ಧ ಒಣಗಿದ ಬಟ್ಟೆ ಒಳಗೆ ಇಡಬೇಡಿ. ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ಪೊಟ್ಟಣಗಳಲ್ಲಿ ನೀರು ತುಂಬಿದ ಕೂಡಲೇ ಬದಲಿಸಿ, ಅದು ಬಟ್ಟೆಗೆ ಚೆಲ್ಲಬಾರದು. ಕಪಾಟಿನೊಳಗೆ ಬಲ್ಬ್ ಉರಿಸುವ ಅಭ್ಯಾಸ ಕೆಲವು ಮನೆಗಳಲ್ಲಿ ಉಂಟು, ಬೆಂಕಿಯ ಭಯ ಇರುವುದರಿಂದ ದಯವಿಟ್ಟು ಬೇಡ. ಹಲಗೆಯ ಕೆಳಗೆ ಹುಡಿ ಕಂಡರೆ ಒರೆಸಿ, ಕಪ್ಪು ಕಾಗದ ಹಾಸಿ. ಒಂದು ವಾರದಲ್ಲಿ ಹೊಸ ಹುಡಿ ಬಿದ್ದರೆ ಹುಳ ಜೀವಂತ ಇದೆ, ತಕ್ಷಣ ಮದ್ದು ಹಾಕಿಸಿ. ಬೀಳದಿದ್ದರೆ ಅದು ಹಳೆಯದು.

ಆಟಿಯಲ್ಲಿ ಡ್ರಾಯರ್ ಬಿಗಿಯಾದರೆ ಕೂಡಲೇ ಕೆತ್ತಿಸಬೇಡಿ. ಎಲ್ಲಿ ಉಜ್ಜುತ್ತದೆ ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿ, ಮೇಣದಬತ್ತಿ ಉಜ್ಜಿ ಬಳಸಿ. ದೀಪಾವಳಿ ಕಳೆದ ಮೇಲೂ ಆ ಗುರುತಿನಲ್ಲಿ ಉಜ್ಜುತ್ತಿದ್ದರೆ ಮಾತ್ರ ಆಚಾರಿಗೆ ಫೋನ್ ಮಾಡಿ.